ಸೆರೆಹೋದವರ ಜಾಡು ಹಿಡಿದು

ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕ್ ಕುಡಿಯುವ ನೀರಿಗೆ ಮುದ್ರೆ ಒತ್ತುವುದಕ್ಕೆಂದೇ ಅರಮನೆಯಲ್ಲಿ ಒಬ್ಬ ಅಧಿಕಾರಿಯಿದ್ದ. ಸುಲ್ತಾನ ಇವನನ್ನು ನಂಬಿದ್ದ. ಹೆಸರು ಅಬೂ ಮುಸ್ಲಿಂ. 1334ರಲ್ಲಿ ದೆಹಲಿಗೆ ಬಂದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತನಿಗೂ ಇವನಿಗೂ ಗೆಳೆತನ ಬೆಳೆಯಿತು. ಬತೂತ ತನ್ನ ಪ್ರವಾಸ ಕಥನದಲ್ಲಿ ಅದನ್ನು ದಾಖಲಿಸಿದ್ದಾನೆ. ಜೊತೆಗೆ ಇನ್ನೊಂದು ಸಂಗತಿಯನ್ನೂ ಬರೆದಿದ್ದಾನೆ: ಅಬೂ ಮುಸ್ಲಿಂ ಕುಮ್ಮಟದುರ್ಗದ ಅರಸ ಕಂಪಿಲರಾಯನ ಮಗ. ಅಂದರೆ ನಮ್ಮ ಗಂಗಾವತಿ ಸೀಮೆಯವನು, ತುಂಗಭದ್ರೆಯ ನೀರು ಕುಡಿದು ಬೆಳೆದವನು.

ಈ ಒಂದು ಸಾಲು ತಲೆಯಲ್ಲಿ ಹೊಕ್ಕ ಮೇಲೆ ಕೊಪ್ಪಳ ಜಿಲ್ಲೆಯ ಗುಡ್ಡಗಳನ್ನು ನಾನು ಮೊದಲಿನಂತೆ ನೋಡಲಾರದೆ ಹೋದೆ. ಯುದ್ಧದಲ್ಲಿ ಸೆರೆಸಿಕ್ಕವರ ನೆನಪಿಗೆ ತೋಟಗಳನ್ನು ಬೆಳೆಸುವ, ಅವು ಹಾಳಾದರೆ ಮತ್ತೆ ಕಟ್ಟಿ ನಿಲ್ಲಿಸುವ ದೇಶಗಳಿವೆ. ನಮ್ಮ ನೆಲದಿಂದ ಸೆರೆಹೋದವರ ಗುರುತು ಎಲ್ಲಿದೆ? ಅದನ್ನು ಹುಡುಕುತ್ತ ಹೊರಟೆ.

ಕತೆಯ ಬುಡ ಸಾಗರದಲ್ಲಿದೆ. ಶಿವಮೊಗ್ಗದ ಸಾಗರವಲ್ಲ, ಈಗಿನ ಯಾದಗಿರಿ ಜಿಲ್ಲೆಯದು. ಅಲ್ಲಿ ಅಧಿಕಾರಿಯಾಗಿದ್ದ ಬಹಾವುದ್ದೀನ್ ಗುರ್ಶಾಸ್ಪ್ ತುಘಲಕನ ವಿರುದ್ಧ ದಂಗೆಯೆದ್ದು ಸೋತ. ಓಡಿಬಂದು ಕಂಪಿಲರಾಯನ ಮೊರೆಹೊಕ್ಕ. ಮೊರೆಹೊಕ್ಕವನನ್ನು ಬಿಟ್ಟುಕೊಡಲು ಕಂಪಿಲ ಒಪ್ಪಲಿಲ್ಲ. 1327ರ ಸುಮಾರಿಗೆ ದೆಹಲಿಯ ದಂಡು ಬಂದು ಕೋಟೆಗೆ ಮುತ್ತಿಗೆ ಹಾಕಿತು. ದವಸ ತೀರಿದಾಗ ಕಂಪಿಲ ಗುರ್ಶಾಸ್ಪನನ್ನು ಹೊಯ್ಸಳ ಬಲ್ಲಾಳನ ಕಡೆ ಸಾಗಹಾಕಿದ. ಕೋಟೆಯಲ್ಲಿ ಬೆಂಕಿ ಹೊತ್ತಿಸಲಾಯಿತು. ಹೆಂಗಸರು ಬೆಂಕಿಗೆ ಹಾರಿದರು, ರಾಯ ಕತ್ತಿ ಹಿಡಿದು ಹೊರಬಿದ್ದು ಸತ್ತ. ಬಲ್ಲಾಳನೋ, ಆ ಅತಿಥಿಯನ್ನು ಹಿಡಿದು ಸುಲ್ತಾನನಿಗೆ ಒಪ್ಪಿಸಿಬಿಟ್ಟ. ಹೀಗೆ ಬೆಂಕಿ, ಕತ್ತಿ, ಮೋಸಗಳ ನಡುವೆ ಬದುಕುಳಿದ ಕಂಪಿಲನ ಹನ್ನೊಂದು ಮಕ್ಕಳು ಕೈದಿಗಳಾಗಿ ದೆಹಲಿ ಸೇರಿದರು. ಸುಲ್ತಾನ ಅವರಿಗೆ ಹೊಸ ಧರ್ಮ, ಹೊಸ ಹೆಸರು, ದೊಡ್ಡ ಹುದ್ದೆಗಳನ್ನು ಕೊಟ್ಟ. ನಸ್ರ್, ಬಖ್ತಿಯಾರ್, ಅಬೂ ಮುಸ್ಲಿಂ ಎಂಬ ಮೂವರನ್ನು ಬತೂತ ಕಣ್ಣಾರೆ ಕಂಡ. ತಾಯಿ ಕರೆಯುತ್ತಿದ್ದ ಹೆಸರುಗಳು ಯಾವ ಪುಸ್ತಕದಲ್ಲೂ ಉಳಿಯಲಿಲ್ಲ.

ಗಂಗಾವತಿಯಲ್ಲಿ ಬೆಳಗಿನ ಒಗ್ಗರಣೆ-ಮಿರ್ಚಿ ತಿಂದು ಹೊರಟರೆ ಮೊದಲು ಸಿಗುವುದು ಎಡದಂಡೆ ಕಾಲುವೆಯ ಹಸಿರು ಗದ್ದೆಗಳು, ಸಾಲು ಸಾಲು ರೈಸ್‌ಮಿಲ್ಲುಗಳು, ಭತ್ತದ ಚೀಲ ಹೇರಿದ ಲಾರಿಗಳು. ಸ್ವಲ್ಪ ದೂರ ಹೋಗುತ್ತಲೇ ಗದ್ದೆ ಮುಗಿದು ಬಂಡೆ ಶುರುವಾಗುತ್ತದೆ. ಮನೆಯಷ್ಟು ದೊಡ್ಡ ಗುಂಡುಗಳು ಒಂದರ ಮೇಲೊಂದು ನಿಂತಿವೆ. ಯಾವುದು ಯಾವುದನ್ನು ಹೊತ್ತಿದೆ ಎಂದು ಲೆಕ್ಕ ಹಾಕುವಷ್ಟರಲ್ಲಿ ಕತ್ತು ನೋಯುತ್ತದೆ. ಜಬ್ಬಲಗುಡ್ಡದ ಆಸುಪಾಸಿನ ಇಂಥ ಗುಡ್ಡಗಳ ನಡುವೆಯೇ ಕುಮ್ಮಟದುರ್ಗ ಇರುವುದು.

ದಾರಿ ತೋರಿಸಲು ಬಂದವರು ಕುರಿ ಕಾಯುವ ಹಿರಿಯರೊಬ್ಬರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೊಡಲಿ.

‘ಅಲ್ಲೇನೈತ್ರಿ ಸರ ನೋಡಾಕ? ಕಲ್ಲು ಅದಾವ, ಜಾಲಿ ಐತಿ, ಹೊತ್ತು ಮುಳುಗಿದ್ರ ಕರಡಿ ಬರ್ತಾವ.’

‘ಕುಮಾರರಾಮನ ಕೋಟೆ ಅಲ್ಲೇನ್ರಿ ಯಜಮಾನ್ರ?’

‘ಅದೈತ್ರಿ. ಅವನ್ನ ಬಿಟ್ಟು ಇಲ್ಲೇನೂ ಇಲ್ಲ,’ ಎಂದವರೇ ಸರಸರ ಏರತೊಡಗಿದರು.

ಏರಿದ ಮೇಲೆ ಕೋಟೆ ತಾನೇ ಕಾಣಿಸಿಕೊಳ್ಳುತ್ತದೆ, ಆದರೆ ಕಣ್ಣು ಪಳಗಬೇಕು. ಎಲ್ಲಿ ಬಂಡೆ ಮುಗಿಯಿತು, ಎಲ್ಲಿ ಗೋಡೆ ಶುರುವಾಯಿತು ಎಂದು ಥಟ್ಟನೆ ತಿಳಿಯುವುದಿಲ್ಲ. ಎರಡು ಗುಂಡುಗಳ ಸಂದಿಯನ್ನು ಒರಟು ಕಲ್ಲುಗಳಿಂದ ತುಂಬಿದ್ದಾರೆ, ಅಷ್ಟೇ. ಉಳಿದ ಕೆಲಸವನ್ನು ಗುಡ್ಡವೇ ಮಾಡಿದೆ. ಗೋಡೆಯೊಂದರಲ್ಲಿ ಕೈಯಾಡಿಸಿ ನೋಡಿದೆ. ಗಾರೆಯಿಲ್ಲ. ಕಲ್ಲಿನ ಮೇಲೆ ಕಲ್ಲು ಕಚ್ಚಿ ಕೂತಿದೆ, ಸಂದಿನಲ್ಲಿ ಚಕ್ಕೆಗಲ್ಲನ್ನು ಬಿಗಿಯಾಗಿ ತುರುಕಿದ್ದಾರೆ. ಆ ಚಕ್ಕೆಯನ್ನು ಹೊಡೆದು ಕೂರಿಸಿದವನು ಮುತ್ತಿಗೆಯ ದಿನ ಒಳಗಿದ್ದನೋ ಹೊರಗಿದ್ದನೋ! ಆರುನೂರು-ಏಳುನೂರು ಮಳೆಗಾಲ ಕಂಡರೂ ಆ ಚಕ್ಕೆ ಅಲುಗಿಲ್ಲ.

ಕಂಪಿಲನ ಮಗ ಕುಮಾರರಾಮನಿಗೆ ಇಲ್ಲಿ ಗುಡಿಯಿದೆ, ಪೂಜೆಯಿದೆ. ಅವನ ಕತೆ ಹಳ್ಳಿಯವರಿಗೆಲ್ಲ ಗೊತ್ತು. ಮಲತಾಯಿ ರತ್ನಾಜಿಯ ಮೋಹಕ್ಕೆ ಒಪ್ಪದ ಮಗ, ಅವಳ ಮಾತು ಕೇಳಿ ಮಗನ ತಲೆ ತರಲು ಹೇಳಿದ ತಂದೆ, ಬೇರೆ ತಲೆ ತೋರಿಸಿ ರಾಮನನ್ನು ಅಡಗಿಸಿಟ್ಟ ಮಂತ್ರಿ ಬೈಚಪ್ಪ, ದೆಹಲಿಯ ದಂಡು ಬಂದಾಗ ನೆಲಮಾಳಿಗೆಯಿಂದ ಎದ್ದುಬಂದು ಕಾದಿ ಮಡಿದ ವೀರ. ನಂಜುಂಡ ಕವಿ ಇದನ್ನೇ ಸಾಂಗತ್ಯದಲ್ಲಿ ಹಾಡಿದ. ಕರ್ನಾಟಕದ ಎಷ್ಟೋ ಊರುಗಳಲ್ಲಿ ರಾಮನ ಮರದ ತಲೆಗಳನ್ನು ಇಂದಿಗೂ ಪೂಜಿಸುತ್ತಾರೆ. ದೊಡ್ಡ ಕಣ್ಣು, ಹುರಿ ಮೀಸೆಯ ಆ ತಲೆಗಳನ್ನು ಒಮ್ಮೆ ಕಂಡವರು ಮರೆಯುವುದಿಲ್ಲ.

ಯಜಮಾನರನ್ನು ಕೇಳಿದೆ: ‘ರಾಮನ ತಮ್ಮಂದಿರನ್ನ ದಿಲ್ಲಿಗೆ ಹಿಡಕೊಂಡು ಹೋದ್ರಂತಲ್ರಿ, ಅವರ ಕತಿ ಏನಾರ ಹೇಳ್ತಾರೇನು?’

ಅವರು ಕೊಡಲಿಯ ಕಾವಿಗೆ ಗದ್ದ ಊರಿ ಯೋಚಿಸಿದರು. ‘ಹೋದವರ ಕತಿ ಯಾರು ಹೇಳ್ತಾರ್ರಿ? ಸತ್ತವ ಇಲ್ಲೇ ಉಳದ.’

ಹಾಡಿನಲ್ಲೂ ಶಾಸನದಲ್ಲೂ ಹುಡುಕಿದ್ದೆ. ಅವರ ಮಾತಿಗೆ ಎದುರಾಡುವ ಸಾಕ್ಷಿ ನನ್ನಲ್ಲಿರಲಿಲ್ಲ.

ಇದೇ ಸಾಲಿನ ಗುಡ್ಡಗಳಲ್ಲಿ ಹಿರೇಬೆಣಕಲ್ಲಿನ ಮೊರೇರ ಗುಡ್ಡವೂ ಇದೆ. ಅಲ್ಲಿಗೆ ಹೋದರೆ ಬಾಯಿ ಕಟ್ಟಿಹೋಗುತ್ತದೆ. ಕಬ್ಬಿಣ ಯುಗದ ಜನ, ಕ್ರಿಸ್ತನಿಗಿಂತ ನೂರಾರು ವರ್ಷ ಮೊದಲು, ಚಪ್ಪಡಿಗಳನ್ನು ಎಬ್ಬಿಸಿ ನಿಲ್ಲಿಸಿ ಸತ್ತವರಿಗೆಂದು ನೂರಾರು ಕಲ್ಲುಮನೆಗಳನ್ನು ಕಟ್ಟಿದ್ದಾರೆ. ಕೆಲವು ಮನುಷ್ಯ ನೆಟ್ಟಗೆ ನಿಲ್ಲುವಷ್ಟು ಎತ್ತರ. ಗೋಡೆಗೆ ದುಂಡನೆಯ ಕಿಂಡಿ. ಎದುರಿಗೆ ಆಗಿನವರೇ ಕಲ್ಲು ಕಿತ್ತ ಗುಂಡಿಯಲ್ಲಿ ನೀರು ನಿಂತು ಕೆರೆಯಾಗಿದೆ. ಇನ್ನೊಂದು ಬಂಡೆಯ ನೆತ್ತಿಯಲ್ಲಿ ನಗಾರಿಯಂಥ ಗುಂಡುಕಲ್ಲು. ಬಡಿದರೆ ದನಿ ಗುಡ್ಡದಾಚೆಗೆ ಹೋಗುತ್ತದೆ. ಹೆಸರಿಲ್ಲ, ಲಿಪಿಯಿಲ್ಲ, ದೇವರಿಲ್ಲ. ಆದರೂ ಸತ್ತವರಿಗೆ ಮನೆಯಿದೆ. ಈ ಸೀಮೆ ಸತ್ತವರ ವಿಷಯದಲ್ಲಿ ಎಂದೂ ಕೈ ಹಿಡಿತ ಮಾಡಿದ್ದಲ್ಲ.

ಆನೆಗೊಂದಿಗೆ ಬಂದರೆ ಸೆರೆಯ ಕತೆಗೆ ಬೇರೆಯೇ ತಿರುವು. ವಿಜಯನಗರ ಕಟ್ಟಿದ ಹಕ್ಕ-ಬುಕ್ಕರು ಕಂಪಿಲನ ಭಂಡಾರದ ಅಧಿಕಾರಿಗಳಾಗಿದ್ದರು, ಕೋಟೆ ಬಿದ್ದಾಗ ಸೆರೆಯಾಗಿ ದೆಹಲಿಗೆ ಹೋದರು, ಸೀಮೆ ಕೈತಪ್ಪುವುದನ್ನು ಕಂಡ ಸುಲ್ತಾನ ಅವರನ್ನೇ ಆಳಲು ಹಿಂದಕ್ಕೆ ಕಳಿಸಿದ ಎಂಬ ಪ್ರತೀತಿ ಹಳೆಯದು. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಕೂಡ ಆನೆಗೊಂದಿಯಲ್ಲಿ ಸೆರೆಸಿಕ್ಕ ಮಂತ್ರಿಯೊಬ್ಬ ರಾಜನಾಗಿ ಮರಳಿದ ಕತೆಯನ್ನೇ ಬರೆದುಕೊಂಡ. ಇತಿಹಾಸಕಾರರೆಲ್ಲ ಇದನ್ನು ಒಪ್ಪುವುದಿಲ್ಲ. ಹಕ್ಕ-ಬುಕ್ಕರು ಹೊಯ್ಸಳರ ಕಡೆಯವರೇ, ದೆಹಲಿ ನೋಡಿದವರೇ ಅಲ್ಲ ಎಂದು ವಾದಿಸುವವರಿದ್ದಾರೆ. ನನಗೆ ಅಚ್ಚರಿ ತರುವುದು ವಾದವಲ್ಲ. ಲೋಕ ಬೆರಗಾಗಿ ನೋಡಿದ ಸಾಮ್ರಾಜ್ಯಕ್ಕೆ ಜನ ಕೊಟ್ಟ ಹುಟ್ಟಿನ ಕತೆಯಲ್ಲಿ ಮೂಲಪುರುಷರು ಯುದ್ಧಕೈದಿಗಳು! ಆನೆಗೊಂದಿಯ ತೆಪ್ಪದ ದಂಡೆಯಲ್ಲಿ ಕೂತು ಆಚೆ ದಡದ ಹಂಪಿಯ ಬಂಡೆಗಳನ್ನು ನೋಡುತ್ತ ಇದನ್ನು ನೆನೆದರೆ, ಸುಲ್ತಾನನ ನೀರಿಗೆ ಮುದ್ರೆ ಒತ್ತಿದವನೂ ಹಿಂತಿರುಗಿ ಬಂದಿದ್ದರೆ ಎಂದು ಅನಿಸದೆ ಇರದು.

ಅದೇ ದಂಡೆಯಿಂದ ದೋಣಿಯಲ್ಲಿ ಹೋದರೆ ನವವೃಂದಾವನ ನಡುಗಡ್ಡೆ. ಮಾಧ್ವ ಪರಂಪರೆಯ ಒಂಬತ್ತು ಯತಿಗಳ ಸಮಾಧಿಗಳಿರುವ ಜಾಗ. 2019ರ ಜುಲೈನಲ್ಲಿ ನಿಧಿಯಾಸೆಯ ಕಳ್ಳರು ರಾತ್ರೋರಾತ್ರಿ ವ್ಯಾಸರಾಯರ ವೃಂದಾವನವನ್ನು ಕಿತ್ತು ಕೆಡವಿದರು. ಸುದ್ದಿ ಹಬ್ಬಿದ್ದೇ ತಡ, ಹೊಳೆ ದಾಟಿ ಜನ ಬಂದರು. ಚೆಲ್ಲಾಪಿಲ್ಲಿಯಾಗಿದ್ದ ಕಲ್ಲುಗಳನ್ನು ಜೋಡಿಸಿ ಒಂದೆರಡು ದಿನದಲ್ಲೇ ಮತ್ತೆ ನಿಲ್ಲಿಸಿದರು. ಯಾವ ಇಲಾಖೆಯ ಟೆಂಡರಿಗೂ ಕಾಯಲಿಲ್ಲ. ಶಿಷ್ಯರಿರುವ ಸಮಾಧಿಗೆ ಇಂಥ ಭಾಗ್ಯವುಂಟು.

ಯಲಬುರ್ಗಾ, ಕುಷ್ಟಗಿ ಕಡೆಗೆ ನೆಲ ಬಯಲಾಗುತ್ತದೆ. ಯಲಬುರ್ಗಾ ಅಂದರೆ ಶಾಸನಗಳ ಎರಂಬರಗೆ, ಸಿಂದರ ರಾಜಧಾನಿ. ಸಿಂದ ಪೆರ್ಮಾಡಿಯ ಶಾಸನಗಳು ಅವನು ಯಾರ ತಲೆ ಕಡಿದ, ಯಾರನ್ನು ಅಟ್ಟಿಸಿಕೊಂಡು ಹೋದ ಎಂದೆಲ್ಲ ಹೊಗಳುತ್ತವೆ. ಊರ ಹನುಮಪ್ಪನ ಗುಡಿಯ ಪಕ್ಕದಲ್ಲೋ ಕೆರೆಯ ಏರಿಯ ಮೇಲೋ ವೀರಗಲ್ಲೊಂದು ವಾಲಿ ನಿಂತಿರುವುದು ಈ ಕಡೆ ಅಪರೂಪವಲ್ಲ. ಕೆಳಗಿನ ಪಟ್ಟಿಯಲ್ಲಿ ವೀರ ಕಾದುತ್ತಾನೆ. ತುರು ಬಿಡಿಸಲೋ ಊರುಳಿಸಲೋ. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೊಯ್ಯುತ್ತಾರೆ. ಮೇಲಿನ ಪಟ್ಟಿಯಲ್ಲಿ ಅವನು ಶಿವನ ಮುಂದೆ ಕೈಮುಗಿದು ಕೂತಿದ್ದಾನೆ. ಗಂಡನೊಂದಿಗೆ ಸತ್ತವಳಿಗೆ ಮಾಸ್ತಿಗಲ್ಲು, ಸಲ್ಲೇಖನದಿಂದ ಸತ್ತ ಜೈನರಿಗೆ ನಿಷಿಧಿ. ಕೋಪಣ ಎಂದು ಹೆಸರಾಗಿದ್ದ ಕೊಪ್ಪಳವಂತೂ ನಿಷಿಧಿಗಳ ತೀರ್ಥ. ಪ್ರತಿಯೊಂದು ಬಗೆಯ ಸಾವಿಗೂ ನಮ್ಮ ಶಿಲ್ಪಿಗಳ ಬಳಿ ಒಂದು ನಮೂನೆಯಿತ್ತು. ಕೈಕಟ್ಟಿಸಿಕೊಂಡು ನಡೆದುಹೋದವನಿಗೆ ಮಾತ್ರ ನಮೂನೆಯಿರಲಿಲ್ಲ. ಅವನು ಸತ್ತನೋ ಬದುಕಿದನೋ ಊರಿಗೆ ತಿಳಿಯದು. ತಿಥಿ ಯಾವತ್ತು ಮಾಡಬೇಕು? ಅಪ್ಸರೆಯರು ಯಾರ ತೋಳು ಹಿಡಿಯಬೇಕು?

ಸೆರೆಯಾಳಿಗೆಂದೇ ಕಟ್ಟಿದ ಗುಡಿಯಂಥ ಸ್ಮಾರಕ, ಸುತ್ತ ತೋಟ, ನಮ್ಮ ರಾಜ್ಯದಲ್ಲೇ ಒಂದಿದೆ. ಆದರೆ ಅದನ್ನು ನೋಡಲು ಶ್ರೀರಂಗಪಟ್ಟಣಕ್ಕೆ ಹೋಗಬೇಕು. 1780ರ ಸೆಪ್ಟೆಂಬರಿನಲ್ಲಿ ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಹೈದರ್-ಟಿಪ್ಪು ಸೇನೆ ಇಂಗ್ಲಿಷರ ಕರ್ನಲ್ ಬೇಲಿಯ ಪಡೆಯನ್ನು ಮಣ್ಣುಮುಕ್ಕಿಸಿತು. ಉಳಿದವರಿಗೆ ಸಂಕೋಲೆ ಹಾಕಿ ಶ್ರೀರಂಗಪಟ್ಟಣಕ್ಕೆ ನಡೆಸಿತು. ಡೇವಿಡ್ ಬೇರ್ಡ್ ಎಂಬ ಸ್ಕಾಟ್ ಕ್ಯಾಪ್ಟನ್ ಕೂಡ ಆ ಕೈದಿಗಳಲ್ಲೊಬ್ಬ. ಕೈದಿಗಳನ್ನು ಜೋಡಿ ಜೋಡಿಯಾಗಿ ಕಟ್ಟಿದ್ದಾರೆಂಬ ಸುದ್ದಿ ಕೇಳಿದ ಅವನ ತಾಯಿ, ನನ್ನ ಮಗನ ಜೊತೆ ಕಟ್ಟಿಸಿಕೊಂಡವನ ಪಾಡು ಏನೋ ಪಾಪ ಎಂದಳಂತೆ. ಮಗನ ಸ್ವಭಾವ ಬಲ್ಲ ತಾಯಿ! 1784ರ ಮಂಗಳೂರು ಒಪ್ಪಂದದಂತೆ ಬಿಡುಗಡೆಯಾದ ಅದೇ ಬೇರ್ಡ್ 1799ರ ಮೇ 4ರಂದು ಕೋಟೆಗೆ ಲಗ್ಗೆಯಿಟ್ಟ ದಂಡಿನ ಮುಂದಾಳಾಗಿ ಮರಳಿ ಬಂದ.

ಬೇಲಿ ಮಾತ್ರ ಸೆರೆಯಲ್ಲೇ 1782ರ ನವೆಂಬರಿನಲ್ಲಿ ತೀರಿಕೊಂಡ. ಅವನನ್ನು ಸೋಲಿಸಿದ ಹೈದರ್ ಒಂದು ತಿಂಗಳೂ ತುಂಬುವ ಮೊದಲೇ, ಡಿಸೆಂಬರಿನಲ್ಲಿ, ಸತ್ತ. ಹೈದರನ ಸಮಾಧಿ ಶ್ರೀರಂಗಪಟ್ಟಣದ ಲಾಲ್‌ಬಾಗಿನ ಗುಂಬಜ್. ಬೇಲಿಯ ಅಣ್ಣನ ಮಗ, ಲಖನೌದಲ್ಲಿ ರೆಸಿಡೆಂಟನಾಗಿದ್ದವನು, 1816ರಲ್ಲಿ ಚಿಕ್ಕಪ್ಪನ ನೆನಪಿಗೆ ಸ್ಮಾರಕ ಕಟ್ಟಿಸಲು ಜಾಗ ಆರಿಸಿದ್ದು ಎಲ್ಲಿ? ಅದೇ ಲಾಲ್‌ಬಾಗಿನಲ್ಲಿ, ಗುಂಬಜಿನ ಮಗ್ಗುಲಲ್ಲೇ. ಸೆರೆಹಿಡಿದವನೂ ಸೆರೆಯಾದವನೂ ಒಂದೇ ತೋಟದ ನೆರಳಿನಲ್ಲಿ ಮಲಗಿದ ಹಾಗೆ ಮಾಡಿದ ಆ ಅಣ್ಣನ ಮಗನಿಗೆ ಹಟವಿತ್ತೋ ಹಾಸ್ಯಪ್ರಜ್ಞೆಯಿತ್ತೋ! ಗುಂಬಜ್ ನೋಡಿ ಮರಳುವ ಜನ ಅತ್ತ ಒಮ್ಮೆ ಕಣ್ಣು ಹಾಯಿಸಿ ಮುಂದೆ ನಡೆಯುತ್ತಾರೆ.

ಅಲ್ಲಿಂದ ಕಾವೇರಿಯ ದಂಡೆಯ ಗ್ಯಾರಿಸನ್ ಸ್ಮಶಾನಕ್ಕೆ ಹೋದೆ. ಅಲ್ಲಿರುವವರು ಕೈದಿಗಳಲ್ಲ, 1799ರ ನಂತರ ಕೋಟೆಯಲ್ಲಿ ಕಾವಲಿದ್ದವರು. ಸ್ವಿಟ್ಜರ್ಲೆಂಡಿನ ನಶಾಟೆಲ್‌ನಲ್ಲಿ 1781ರಲ್ಲಿ ಡಚ್ ಕಂಪನಿಗೆಂದು ಕಟ್ಟಿದ ದ ಮೆರಾನ್ ಪಡೆ 1795ರಲ್ಲಿ ಇಂಗ್ಲಿಷರ ಕೈಸೇರಿ ಇಲ್ಲಿಗೆ ಬಂದಿತ್ತು. ಅದರ ಸೈನಿಕರೂ ಅವರ ಹೆಂಡಿರು ಮಕ್ಕಳೂ ಇಲ್ಲಿ ಮಣ್ಣಾದರು. ಲಂಟಾನ ಬೆಳೆದು, ಗೋರಿಗಳು ಒಡೆದು ಹಾಳುಬಿದ್ದಿದ್ದ ಜಾಗವನ್ನು ಈ ಶತಮಾನದ ಮೊದಲ ದಶಕದಲ್ಲಿ ದ ಮೆರಾನ್ ವಂಶಸ್ಥರೇ ಹಣ ಹಾಕಿ ದುರಸ್ತಿ ಮಾಡಿಸಿದರು. ಈಗ ಸುತ್ತುಬೇಲಿ, ಹುಲ್ಲು, ನೆಟ್ಟಗೆ ನಿಂತ ಗೋರಿಗಳು. ಇನ್ನೂರು ವರ್ಷದ ಹಿಂದೆ ದೂರದೇಶದಲ್ಲಿ ಸತ್ತ ಮುತ್ತಜ್ಜನ ಪಡೆಗೆ ಮೊಮ್ಮಕ್ಕಳು ಇಷ್ಟು ಮಾಡಿದರಲ್ಲ ಎಂದು ಮನಸ್ಸು ತುಂಬಿಬಂತು. ಬೆನ್ನಿಗೇ ಹೊಟ್ಟೆಕಿಚ್ಚೂ ಆಯಿತು. 1779ರಲ್ಲಿ ಚಿತ್ರದುರ್ಗ ಬಿದ್ದಾಗ ಮದಕರಿ ನಾಯಕನನ್ನು ಇದೇ ಶ್ರೀರಂಗಪಟ್ಟಣಕ್ಕೆ ಸೆರೆತಂದರು, ಅವನು ಇಲ್ಲೇ ಸತ್ತ. ದುರ್ಗದ ಇಪ್ಪತ್ತು ಸಾವಿರ ಬೇಡರನ್ನು ಹೈದರ್ ಈ ದ್ವೀಪಕ್ಕೆ ಅಟ್ಟಿದನೆಂದು ಇತಿಹಾಸಕಾರ ವಿಲ್ಕ್ಸ್ ಬರೆಯುತ್ತಾನೆ. ಅವರ ಹುಡುಗರನ್ನು ಸೆರೆಯಾಳುಗಳಿಂದಲೇ ಕಟ್ಟಿದ ಚೇಲಾ ಪಡೆಗೆ ಸೇರಿಸಿದರು. ಬೇಲಿಗಿದ್ದಂತೆ ಅವರಿಗೆ ಲಖನೌದಲ್ಲಿ ಅಣ್ಣನ ಮಗ ಇರಲಿಲ್ಲ.

ಮತ್ತೆ ಕೊಪ್ಪಳಕ್ಕೆ. ಕೋಟೆ ಏರುವ ಮೊದಲು ಕಿನ್ನಾಳಕ್ಕೊಂದು ಸುತ್ತು ಹಾಕಿದೆ. ಮರದ ಗೊಂಬೆಗಳ ಕಿನ್ನಾಳ ಇಡೀ ನಾಡಿಗೆ ಗೊತ್ತು. ಗೊಂಬೆ ಕೊಳ್ಳುವವರು ಸಾಮಾನ್ಯವಾಗಿ ನೋಡದ ಕೆಲಸವೊಂದು ಅಲ್ಲಿ ನಡೆಯುತ್ತದೆ. ಚಿತ್ರಗಾರರ ಮನೆಯ ಪಡಸಾಲೆಯಲ್ಲಿ ಯಾವುದೋ ಊರಿನ ದ್ಯಾಮವ್ವ ಗೋಡೆಗೊರಗಿ ಕೂತಿದ್ದಳು. ಬಣ್ಣ ಪೂರ ಹೆರೆದಿದ್ದರು, ಮೊಣಕೈಯ ಬೆಸುಗೆ ಬಿಟ್ಟಿತ್ತು. ಕಣ್ಣಿದ್ದ ಜಾಗ ಬೋಳು. ಕಲಾವಿದರು ಗೋಣಿನಾರನ್ನು ನೆನೆಸಿ ಒಣಗಿಸಿ ಪುಡಿ ಮಾಡಿ, ಮರದ ಹೊಟ್ಟು, ಹುಣಸೆಬೀಜದ ಅಂಟು ಕೂಡಿಸಿ ಅರೆದ ಕಿಟ್ಟವನ್ನು ಹೆಬ್ಬೆರಳಿನಿಂದ ಆ ಬಿರುಕಿಗೆ ಒತ್ತುತ್ತಿದ್ದರು. ಒತ್ತುವುದು, ಒದ್ದೆ ಬೆರಳಿನಿಂದ ಸವರುವುದು, ಮತ್ತೆ ಒತ್ತುವುದು. ಅದರ ಮೇಲೆ ಅರಳೆ, ಮತ್ತೆ ಅಂಟು, ಬಿಳಿ ಲೇಪ, ಆಮೇಲೆ ಬಣ್ಣ. ಕಣ್ಣು ಕಟ್ಟಕಡೆಗೆ.

‘ಜಾತ್ರಿ ಹತ್ರ ಬಂತ್ರಿ. ಅಷ್ಟ್ರಾಗ ತಾಯಿ ಎದ್ದು ಕುಂದ್ರಬೇಕು,’ ಎಂದರು ತಲೆ ಎತ್ತದೆ.

ಊರವರು ಪಟ್ಟಿ ಹಾಕಿ ದುಡ್ಡು ಕೂಡಿಸಿ ದೇವಿಯನ್ನು ಹೀಗೆ ತಂದು ಹೊಸದಾಗಿಸಿಕೊಂಡು ಹೋಗುತ್ತಾರೆ. ಜೀರ್ಣೋದ್ಧಾರ ಎಂದರೆ ನಮ್ಮ ಜನಕ್ಕೆ ಇದು: ಕಾಪಿಡುವುದಲ್ಲ, ಮತ್ತೆ ಕಣ್ಣು ತೆರೆಸುವುದು. ಪುರಾತತ್ವದವರು ಒಪ್ಪಲಿಕ್ಕಿಲ್ಲ. ನನಗಂತೂ ಶ್ರೀರಂಗಪಟ್ಟಣದ ಹುಲ್ಲುಹಾಸಿಗಿಂತ ಆ ಹೆಬ್ಬೆರಳೇ ಹೆಚ್ಚು ನೆನಪಿನಲ್ಲಿ ಉಳಿಯಿತು.

ಕೊಪ್ಪಳದ ಕೋಟೆಯನ್ನು 1786ರಲ್ಲಿ ಪಾಳೆಯಗಾರನಿಂದ ವಶಪಡಿಸಿಕೊಂಡ ಟಿಪ್ಪು ಕೆಳಕೋಟೆಯನ್ನು ಫ್ರೆಂಚ್ ಎಂಜಿನಿಯರುಗಳಿಂದ ಮತ್ತೆ ಕಟ್ಟಿಸಿದ. 1790ರಲ್ಲಿ ಇಂಗ್ಲಿಷರೂ ನಿಜಾಮನವರೂ ಸೇರಿ ಮುತ್ತಿದರು. ಆರು ತಿಂಗಳು ಬಡಿದರೂ ಕೋಟೆ ಜಗ್ಗಲಿಲ್ಲ. ಮಾರ್ಚಿನಲ್ಲಿ ಬೆಂಗಳೂರು ಬಿದ್ದ ಮೇಲೆ, 1791ರ ಏಪ್ರಿಲ್‌ನಲ್ಲಿ, ಇದೂ ನೆರೆಯ ಬಹದ್ದೂರಬಂಡಿಯೂ ಶರಣಾದವು. ಮುತ್ತಿಗೆಯಲ್ಲಿದ್ದ ಜಾನ್ ಮಾಲ್ಕಮ್ ಎಂಬ ಇಪ್ಪತ್ತೊಂದರ ಹರೆಯದ ಅಧಿಕಾರಿ, ಹಿಂದೂಸ್ಥಾನದಲ್ಲಿ ಇಷ್ಟು ಬಲವಾದ ಜಾಗವನ್ನು ತಾನು ಕಂಡೇ ಇಲ್ಲ ಎಂದ. ಮೆಟ್ಟಿಲು ಹತ್ತುತ್ತ ಏದುಸಿರು ಬಿಡುವ ಯಾರಾದರೂ ಅವನ ಮಾತನ್ನು ಒಪ್ಪಲೇಬೇಕು. ದಾರಿ ನೇರ ಹೋಗುವುದೇ ಇಲ್ಲ. ಬಂಡೆಗೆ ಡಿಕ್ಕಿ ಹೊಡೆದು ತಿರುಗುತ್ತದೆ, ತಿರುಗಿದಲ್ಲೆಲ್ಲ ಮೇಲಿನಿಂದ ಗುಂಡು ಹಾರಿಸಲು ಕಿಂಡಿಗಳು ಕಾದಿವೆ.

ಇಷ್ಟು ಬಲದ ಕೋಟೆ 1858ರಲ್ಲಿ ಮಾತ್ರ ಬೇಗ ಕೈಬಿಟ್ಟಿತು. ಆಗ ಕೊಪ್ಪಳ ಸಾಲಾರ್ ಜಂಗನ ಜಹಗೀರು. ಆಯುಧ ಒಪ್ಪಿಸಬೇಕೆಂಬ ಕಾನೂನು ಮುಂಬಯಿ ಕರ್ನಾಟಕದ ಹಳ್ಳಿಗಳಲ್ಲಿ ಕಿಚ್ಚು ಹಚ್ಚಿತ್ತು. ಮುಂಡರಗಿ ಭೀಮರಾಯನೂ ಹಮ್ಮಿಗಿ ಕೆಂಚನಗೌಡನೂ ಹಮ್ಮಿಗಿಯಲ್ಲಿ ಸರ್ಕಾರ ಮುಟ್ಟುಗೋಲು ಹಾಕಿದ್ದ ಆಯುಧಗಳಿಗೆ ಕೈಹಾಕಿದರು, ಡಂಬಳದ ಖಜಾನೆ ಮುರಿದರು, ಮೇ ಕೊನೆಗೆ ಈ ಕೋಟೆ ಹಿಡಿದರು. ಅತ್ತ ನರಗುಂದದ ಬಾಬಾಸಾಹೇಬ ಮೇ 29ರಂದು ಇಂಗ್ಲಿಷರ ಅಧಿಕಾರಿ ಮ್ಯಾನ್ಸನ್ನನನ್ನು ಸುರೇಬಾನದಲ್ಲಿ ಮುಗಿಸಿದ್ದ. ಬಳ್ಳಾರಿಯಿಂದ ಮೇಜರ್ ಹ್ಯೂಸ್ ದಂಡು ತಂದ. ಜೂನ್ 1ರಂದು ಭೀಮರಾಯ, ಕೆಂಚನಗೌಡ ಇಬ್ಬರೂ ಇಲ್ಲಿ ಬಿದ್ದರು. ಜೀವಂತ ಸಿಕ್ಕವರನ್ನು ಮಿಲಿಟರಿ ನ್ಯಾಯಾಲಯದ ಮುಂದೆ ನಿಲ್ಲಿಸಿದರು, ಹತ್ತಾರು ಮಂದಿಯನ್ನು ಕೊಂದರು.

ಕೋಟೆಯ ಬುಡದ ಓಣಿಯಲ್ಲಿ ಕಟ್ಟೆಯ ಮೇಲೆ ಕೂತಿದ್ದ ಅಜ್ಜನೊಬ್ಬನನ್ನು ಕೇಳಿದೆ, ಆ ಕೈದಿಗಳನ್ನು ಯಾವ ಜಾಗದಲ್ಲಿ ಕೊಂದರು ಯಜಮಾನ್ರ ಎಂದು.

‘ಭೀಮರಾಯ ಗೊತ್ರಿ, ಕೆಂಚನಗೌಡ ಗೊತ್ತು. ಉಳದವರೂ ನಮ್ಮಂಥವರ ಇರಬೇಕು. ಯಾರ್ ಕೇಳಿದಾರ, ಯಾರ್ ಬರದಿಟ್ಟಾರ?’

ಕೊಪ್ಪಳಕ್ಕೆ ಒಂದು ತೋಟ ಬೇಕು ಎಂಬುದು ನನ್ನ ಆಸೆ. ಜಾಗ ಈ ಗುಡ್ಡದ ಬುಡವೇ ಆಗಲಿ. ಗುಲಾಬಿ ಪಾತಿ, ಕಾರಂಜಿ ಬೇಡ; ಈ ಬಿಸಿಲಿಗೆ ಬೇವು, ಹೊಂಗೆ, ಒಂದೆರಡು ಹುಣಸೆ ಸಾಕು, ಕೂರಲು ಕಲ್ಲಿನ ಕಟ್ಟೆ. ಭೀಮರಾಯನ ಜೊತೆ ಸಿಕ್ಕಿಬಿದ್ದವರಲ್ಲಿ ಎಷ್ಟು ಜನರ ಹೆಸರು ಹಳೆಯ ಕಡತಗಳಲ್ಲಿ ಸಿಗುತ್ತದೋ ಅಷ್ಟನ್ನು ಕೆತ್ತಿಸಲಿ, ಊರಿನ ಹೆಸರು ಸಮೇತ. ಕುಮ್ಮಟದ ಹನ್ನೊಂದು ಮಂದಿಗೆ ಹನ್ನೊಂದು ಕಲ್ಲು ನೆಡಲಿ. ಮೂರರ ಮೇಲೆ ದೆಹಲಿ ಕೊಟ್ಟ ಹೆಸರುಗಳೇ ಇರಲಿ, ಬತೂತ ಕಂಡದ್ದು ಅವರನ್ನೇ. ಉಳಿದ ಎಂಟನ್ನು ಕಿನ್ನಾಳದವರ ಕೈಗೆ ಒಪ್ಪಿಸಿದರೆ ಏನು ಮಾಡಬೇಕೆಂದು ಅವರೇ ಯೋಚಿಸುತ್ತಾರೆ.